ನೋಯದ ಗಂಟು: ಯಾವುದನ್ನು ಬಿಡಬಹುದು, ಯಾವುದನ್ನು ತೋರಿಸಬೇಕು

ಚರ್ಮದಡಿ ಗಂಟು ಕೈಗೆ ಸಿಕ್ಕಿತೆಂದರೆ ಮನೆಯವರು ಮೊದಲು ಕೇಳುವುದು ‘ನೋಯುತ್ತಾ?’ ಎಂದು. ಇಲ್ಲ ಅಂದರೆ ಎಲ್ಲರಿಗೂ ನಿರಾಳ. ಈ ನಿರಾಳಕ್ಕೆ ಆಧಾರವಿಲ್ಲ. ಕೀವು ತುಂಬಿದ ಕುರು ಪ್ರಾಣ ಹಿಂಡುವಷ್ಟು ನೋಯುತ್ತದೆ, ಒಡೆದ ಮೇಲೆ ಮಾಯುತ್ತದೆ. ಸ್ತನದ ಕ್ಯಾನ್ಸರ್, ಲಿಂಫೋಮಾ (ಸೋಂಕು ತಡೆಯುವ ದುಗ್ಧಗ್ರಂಥಿಗಳ ಕ್ಯಾನ್ಸರ್), ಕತ್ತಿನ ಕ್ಷಯ ಸಾಮಾನ್ಯವಾಗಿ ನೋವಿಲ್ಲದೆಯೇ ಶುರುವಾಗುತ್ತವೆ. ಹಾಗಂತ ನೋಯದ ಗಂಟೆಲ್ಲ ಕೇಡಿನದೂ ಅಲ್ಲ, ಹೆಚ್ಚಿನವು ನಿರುಪದ್ರವಿ. ನೋಡಬೇಕಾದ್ದು ಜಾಗ, ಗಾತ್ರ, ಗಟ್ಟಿತನ, ಬೆಳೆಯುವ ವೇಗ.

ಮೊದಲು ಜಾಗ. ಸ್ತನ (ಗಂಡಸರದ್ದೂ ಸೇರಿ), ವೃಷಣ, ಕೊರಳೆಲುಬಿನ ಮೇಲಿನ ಗುಳಿ, ಕತ್ತಿನ ಮುಂಭಾಗದಲ್ಲಿ ಎಂಜಲು ನುಂಗಿದಾಗ ಮೇಲೇರುವ ಗಂಟು: ಇವನ್ನು ಕಾದು ನೋಡುವುದು ಬೇಡ, ಅದೇ ವಾರ ತೋರಿಸಿ. ತೊಡೆಸಂದಿನಲ್ಲಿ ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಸರಿಯುವುದು ಹರ್ನಿಯಾ ಇರಬಹುದು. ಅದು ಒಳಗೆ ಹೋಗದೆ ನೋಯತೊಡಗಿ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಬೇರೆ ಕಡೆಯದಾದರೆ, ಸ್ನಾನದ ಹೊತ್ತಿಗೆ ಸೋಪು ಹಚ್ಚಿದ ಕೈಯಿಂದ, ಮೂರು ಬೆರಳುಗಳ ತುದಿಯ ಮೆತ್ತನೆ ಭಾಗದಲ್ಲಿ ನಿಧಾನ ಒತ್ತಿ. ಹಿಟ್ಟಿನ ಮುದ್ದೆಯಂತೆ ಮೆತ್ತಗಿದ್ದು, ಅಂಚನ್ನು ಒತ್ತಿದರೆ ಬೆರಳಡಿಯಿಂದ ಜಾರಿಕೊಂಡರೆ ಬಹುಮಟ್ಟಿಗೆ ಕೊಬ್ಬಿನ ಗಂಟು, ಅಂದರೆ ಲಿಪೋಮಾ. ನಡುವೆ ಸಣ್ಣ ಕಪ್ಪು ಚುಕ್ಕೆ ಇದ್ದರೆ ಬಹುಮಟ್ಟಿಗೆ ಸಿಸ್ಟ್, ಅಂದರೆ ಚರ್ಮದಡಿಯ ತುಂಬಿದ ಚೀಲ. ಅದನ್ನು ಹಿಸುಕಬೇಡಿ: ಚೀಲ ಚರ್ಮದೊಳಗೇ ಒಡೆದರೆ ಕೆಂಪಗೆ ಊದಿ ಕೀವಾಗುತ್ತದೆ, ಆಮೇಲೆ ಪೂರ್ತಿ ತೆಗೆಯುವುದೂ ಕಷ್ಟ. ಚೀಲ ಒಳಗೆ ಉಳಿದರೆ ಗಂಟು ಮತ್ತೆ ಬರುತ್ತದೆ. ಸುಣ್ಣ-ಬೆಲ್ಲದ ಪಟ್ಟು, ಬರೆ, ಬಿಗಿದು ಕಟ್ಟುವ ದಾರ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಸುಣ್ಣದಿಂದ ಚರ್ಮ ಸುಡುತ್ತದೆ, ಅಷ್ಟೇ.

ಸ್ಕೇಲಿನಲ್ಲಿ ಅಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟೇ ಫೋಟೋ ತೆಗೆದು, ತಾರೀಖು ಬರೆದಿಡಿ. ಎರಡು ವಾರಕ್ಕೊಮ್ಮೆ ಸಾಕು. ದಿನಕ್ಕೆ ಹತ್ತು ಸಲ ಅದುಮುತ್ತಿದ್ದರೆ ಆ ಅದುಮುವಿಕೆಗೇ ನೋಯುತ್ತದೆ. ಗಂಟು 5 ಸೆಂ.ಮೀ. ಮೀರಿದರೆ, ವಾರಗಳಲ್ಲೇ ಬೆಳೆದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗದಿದ್ದರೆ ತೋರಿಸಿ. ತೊಡೆ ಅಥವಾ ತೋಳಿನದಾದರೆ ಸ್ನಾಯು ಬಿಗಿಹಿಡಿದು ನೋಡಿ. ಸಡಿಲವಿದ್ದಾಗ ಆಡುತ್ತಿದ್ದ ಗಂಟು ಬಿಗಿದಾಗ ನಿಂತುಬಿಟ್ಟರೆ ಅಥವಾ ಕಾಣದಾದರೆ ಅದು ಆಳದಲ್ಲಿದೆ. ಅಂಥದ್ದು ಚಿಕ್ಕದಾದರೂ ಪರೀಕ್ಷೆಗೆ ಅರ್ಹ.

ನಮ್ಮಲ್ಲಿ ಹೆಚ್ಚು ಎಡವುವುದು ಕತ್ತಿನ ಗಂಟಿನ ವಿಚಾರದಲ್ಲಿ. ಹಲ್ಲು, ಗಂಟಲು, ತಲೆಯ ಹೇನಿನ ಗಾಯ ಇವುಗಳಿಂದ ಊದಿದ ದುಗ್ಧಗ್ರಂಥಿ ಎರಡು-ಮೂರು ವಾರದಲ್ಲಿ ಕುಗ್ಗತೊಡಗಬೇಕು. ಕುಗ್ಗದೆ ಒಂದು ಸೆಂ.ಮೀ.ಗಿಂತ ದೊಡ್ಡದಾಗಿ ಉಳಿದರೆ, ಒಂದಕ್ಕೊಂದು ಅಂಟಿಕೊಂಡ ಗೊಂಚಲಾದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಜೊತೆಗಿದ್ದರೆ ಕ್ಷಯವನ್ನೂ ಲಿಂಫೋಮಾವನ್ನೂ ಪರೀಕ್ಷಿಸಲೇಬೇಕು. ಕೆಮ್ಮಿಲ್ಲದೆಯೂ ಕತ್ತಿಗೆ ಕ್ಷಯ ಬರುತ್ತದೆ. ಪರೀಕ್ಷೆಯಾಗುವ ಮುನ್ನ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ. ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕರಗಿ ಕಾಯಿಲೆ ಮರೆಯಾಗಿಬಿಡುತ್ತದೆ. ಮೆತ್ತಗಾದ ಕ್ಷಯದ ಗಂಟನ್ನು ಕುರುವೆಂದು ಕೊಯ್ದರೆ ತಿಂಗಳುಗಟ್ಟಲೆ ಸೋರುವ ಗಾಯವಾಗಬಹುದು.

ಮೊದಲು ಸರ್ಜನ್ ಬಳಿ ಹೋಗಿ. ಜಾಗ ನೋಡಿ ಅಲ್ಟ್ರಾಸೌಂಡ್, ಎಫ್‌ಎನ್‌ಎಸಿ ಬರೆಯುತ್ತಾರೆ. ಎಫ್‌ಎನ್‌ಎಸಿ ಎಂದರೆ ಸಣ್ಣ ಸೂಜಿಯಿಂದ ಜೀವಕೋಶ ಎಳೆದು ನೋಡುವುದು, ಕೆಲವೇ ನಿಮಿಷದ ಕೆಲಸ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಪರೀಕ್ಷೆ ತಪ್ಪಿಸಬೇಡಿ. ವೃಷಣದ ಗಂಟು ಮಾತ್ರ ಬೇರೆ, ಅದಕ್ಕೆ ಸೂಜಿ ಹಾಕುವುದಿಲ್ಲ, ಅಲ್ಟ್ರಾಸೌಂಡೇ ಮೊದಲು. ಕ್ಷಯದ ಅನುಮಾನವಿದ್ದರೆ ‘ಸಿಬಿನ್ಯಾಟ್‌ಗೂ ಕಳಿಸುತ್ತೀರಾ?’ ಎಂದು ಕೇಳಿ, ಅದು ಕ್ಷಯದ ರೋಗಾಣುವನ್ನು ಪತ್ತೆಮಾಡುವ ಪರೀಕ್ಷೆ. ಗಂಟನ್ನು ಕತ್ತರಿಸಿ ತೆಗೆದರೆ ಒಂದು ತುಂಡು ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಪ್ರಯೋಗಾಲಯಕ್ಕೆ ಹೋಗಬೇಕು. ಎಲ್ಲವನ್ನೂ ರೋಗಾಣು ಕೊಲ್ಲುವ ಫಾರ್ಮಲಿನ್‌ಗೆ ಹಾಕಿದರೆ ಕ್ಷಯದ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಲಾಗದು. ಕ್ಷಯವೆಂದು ಖಚಿತವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಸಾಮಾನ್ಯವಾಗಿ 6 ತಿಂಗಳು. ಚಿಕಿತ್ಸೆಯ ನಡುವೆ ಗಂಟು ಕೆಲಕಾಲ ದೊಡ್ಡದಾಗುವುದುಂಟು. ಆಗ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತೋರಿಸಿ.