ಮುಖ ಬರೆಯಲು ಕೂತು ಮಾತು ಕಲಿತೆ

ತುಂಬಾ ವರ್ಷ ನಾನು ಮರ, ಗೋಡೆ, ಹಳೇ ಸೈಕಲ್ ಇವುಗಳ ಚಿತ್ರವನ್ನೇ ಬರೆಯುತ್ತಿದ್ದೆ. ಅವು ತಿರುಗಿ ನೋಡುವುದಿಲ್ಲ, ಅದಕ್ಕೆ. ಮನೆಗೆ ನೆಂಟರು ಬಂದರೆ ಮಹಡಿ ಹತ್ತಿ ನೀರಿನ ಟ್ಯಾಂಕ್ ಹಿಂದೆ ಕೂರುತ್ತಿದ್ದೆ. ಅಮ್ಮ ಊಟದ ತಟ್ಟೆಯನ್ನೂ ಅಲ್ಲಿಗೇ ತಂದುಕೊಡುತ್ತಿದ್ದಳು.

ಕಾಲೇಜಿನಲ್ಲಿ ದಿನಕ್ಕೆ 20 ಸ್ಕೆಚ್ ಮಾಡಿಕೊಂಡು ಬರಬೇಕಿತ್ತು. ಮೆಜೆಸ್ಟಿಕ್ ರೈಲ್ವೆ ಸ್ಟೇಷನ್‌ಗೆ ಹೋದೆ. ಮೊದಲು ಮಲಗಿದವರನ್ನು ಬರೆದೆ, ಆಮೇಲೆ ಬೆನ್ನು ತಿರುಗಿಸಿ ಕೂತವರನ್ನು, ಎರಡು ತಿಂಗಳಾದ ಮೇಲೆ ಮೊಬೈಲ್ ನೋಡುತ್ತಾ ಕೂತವರನ್ನು. ನಾಚಿಕೆ ಜಾಸ್ತಿ ಇರುವವರಿಗೆ ಈಗಲೂ ಇದೇ ದಾರಿ ಹೇಳುತ್ತೇನೆ. ಸುಮ್ನೆ 'ಧೈರ್ಯ ಮಾಡು' ಅಂದರೆ ಯಾರಿಗೂ ಧೈರ್ಯ ಬರುವುದಿಲ್ಲ.

ಆಮೇಲೆ ಬಂತು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ್ದು, ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿತ್ರಗಳನ್ನು ಒರಗಿಸಿಟ್ಟು ಅವುಗಳ ಹಿಂದೆ ಕೂತೆ. ಮಧ್ಯಾಹ್ನವಾದರೂ ಬೋಣಿ ಇಲ್ಲ. ಪಕ್ಕದಲ್ಲಿ ಮೈಸೂರು ಶೈಲಿಯ ಚಿತ್ರ ಇಟ್ಟಿದ್ದ ಹುಡುಗಿ, "ರೀ, ಮಾರುವವರೇ ಕಾಣದಿದ್ರೆ ಯಾರು ಕೊಳ್ತಾರೆ? ನನ್ನ ಮುಖ ಬರೀರಿ, ಜನ ನಿಲ್ತಾರೆ" ಅಂದಳು.

4ಬಿ ಪೆನ್ಸಿಲ್ ಹಿಡಿದೆ, ಕೈ ನಡುಗುತ್ತಿತ್ತು. ಕಣ್ಣು ತಲೆಯ ಎತ್ತರದ ಅರ್ಧಕ್ಕೆ, ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ, ಹೀಗೆ ಪಾಠ ಒಪ್ಪಿಸುತ್ತಾ ಗೆರೆ ಎಳೆದೆ. ಆದರೆ ಕಣ್ಣು ಬರೆಯಬೇಕಾದರೆ ಕಣ್ಣನ್ನೇ ನೋಡಬೇಕಲ್ವಾ! ನೋಡಿದೆ. ಎಡಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಗೆರೆ ಇತ್ತು. "ಇದೇನು ಗಾಯ?" ಅಂತ ಬಾಯಿಗೆ ಬಂದೇಬಿಟ್ಟಿತು, ಹೊಸಬರನ್ನು ನಾನಾಗಿ ಏನನ್ನೂ ಕೇಳಿದವನೇ ಅಲ್ಲ. "ಚಿಕ್ಕವಳಿದ್ದಾಗ ಒರಳುಕಲ್ಲಿನ ಮೇಲೆ ಬಿದ್ದಿದ್ದೆ. ಅದನ್ನೂ ಹಾಕಿ."

ತಲೆ ಎತ್ತಿದರೆ ಸುತ್ತ ಜನ. ಒಬ್ಬರು ಅಜ್ಜಿ, "ನಂದೂ ಬರಿಯಪ್ಪ" ಅಂತ ಸ್ಟೂಲ್ ಎಳೆದುಕೊಂಡರು. ಸಂಜೆಗೆ ಹನ್ನೊಂದು ಮುಖ ಆಗಿತ್ತು, ಮೂರು ಮೂಗು ಕೆಟ್ಟಿದ್ದವು. ಒಬ್ಬರು ದುಡ್ಡು ಕೊಡದೆ ಹೋದರು. ಕೇಳುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಮುಂದಿನ ವಾರ ಅವಳು ಕೆಲಸ ಮಾಡುವುದನ್ನು ನೋಡಲು ಹೋದೆ. ಗೆಸ್ಸೋ, ಅಂದರೆ ಚಿತ್ರ ಉಬ್ಬಿ ಕಾಣಲು ಹಚ್ಚುವ ಅಂಟಿನ ಲೇಪ, ಅದರ ಮೇಲೆ ಚಿನ್ನದ ಹಾಳೆ ಅಂಟಿಸುವಾಗ ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತದೆ, ಇನ್ನು ಮಾತೆಲ್ಲಿ ಬಂತು. ಅರ್ಧ ಗಂಟೆ ಬಾಯಿ ಮುಚ್ಚಿ ಕೂತಿದ್ದೆ. "ನಿಮ್ಮಷ್ಟು ಚೆನ್ನಾಗಿ ಯಾರೂ ಸುಮ್ನಿರಲ್ಲ" ಅಂತ ನಕ್ಕಳು. ಆ ಭಾನುವಾರದಿಂದ ಪ್ರತಿ ಭಾನುವಾರ ಹೋದೆ.

ಆ ಮೊದಲ ಚಿತ್ರ ಈಗ ನಮ್ಮ ಮನೆಯ ಹಾಲ್‌ನಲ್ಲಿದೆ. ಅಷ್ಟು ಪಾಠ ಒಪ್ಪಿಸಿದರೂ ಎಡಗಣ್ಣು ಒಂಚೂರು ಮೇಲೆ ಹೋಗಿದೆ. ತಿದ್ದಲು ಹೋದರೆ ರಬ್ಬರ್ ಕಿತ್ತುಕೊಳ್ಳುತ್ತಾಳೆ.