ಕರುಳಿನಿಂದ ಹಿಗ್ಗಿಸಿದ ಮೂತ್ರಕೋಶ: ಕಿಡ್ನಿ ಕಸಿಗೆ ಮೊದಲು ಮತ್ತು ನಂತರ
ಕರುಳಿನ ತುಂಡು ಸೇರಿಸಿ ಮೂತ್ರಕೋಶವನ್ನು ದೊಡ್ಡದು ಮಾಡಿಸಿಕೊಂಡವರಿಗೂ ಕಿಡ್ನಿ ಕಸಿ ಸಾಧ್ಯ. ಆದರೆ ಆ ಕೋಶ ಎಷ್ಟು ಮೂತ್ರವನ್ನು, ಎಷ್ಟು ಒತ್ತಡದಲ್ಲಿ ಹಿಡಿದಿಡುತ್ತದೆ ಎಂಬುದನ್ನು ಯುರೋಡೈನಮಿಕ್ ಪರೀಕ್ಷೆಯಿಂದ ಮೊದಲೇ ತಿಳಿಯಬೇಕು. ಒತ್ತಡ ಹೆಚ್ಚಿದ್ದರೆ ಹೊಸ ಕಿಡ್ನಿಗೂ ಹಳೆಯದರ ಗತಿಯೇ ಬರಬಹುದು.

ತಾನಾಗಿ ಖಾಲಿಯಾಗದ ಕೋಶವನ್ನು ಕಸಿಯ ನಂತರವೂ ಸಾಮಾನ್ಯವಾಗಿ 3ರಿಂದ 4 ಗಂಟೆಗೊಮ್ಮೆ ಕ್ಯಾತಿಟರ್‌ನಿಂದ (ಮೂತ್ರ ಬಸಿಯುವ ತೆಳು ನಳಿಕೆ) ಖಾಲಿ ಮಾಡಬೇಕಾಗುತ್ತದೆ. ಸೋಪಿನಿಂದ ಕೈ ತೊಳೆದು, ಜೆಲ್ ಸವರಿದ ನಳಿಕೆಯನ್ನು ನಿಧಾನವಾಗಿ ಒಳಬಿಟ್ಟು, ಧಾರೆ ನಿಂತ ಮೇಲೂ ತುಸು ಕಾದು, ಸ್ವಲ್ಪ ಸ್ವಲ್ಪವೇ ಹೊರಗೆಳೆಯುತ್ತಾ ತಳದ ಮೂತ್ರವನ್ನೂ ಬಸಿಯಬೇಕು. ಕರುಳು ಎಲ್ಲಿದ್ದರೂ ಲೋಳೆ ಸುರಿಸುವುದನ್ನು ಬಿಡುವುದಿಲ್ಲ. ಆ ಲೋಳೆ ನಳಿಕೆಯನ್ನು ಕಟ್ಟಿಸುತ್ತದೆ, ಕಲ್ಲಿಗೂ ದಾರಿಯಾಗುತ್ತದೆ. ಆದ್ದರಿಂದ ವೈದ್ಯರು ಹೇಳಿದಷ್ಟು ಸಲೈನ್ ಅನ್ನು ಸಿರಿಂಜಿನಿಂದ ಬಿಟ್ಟು ತೆಗೆದು, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬೋರ್‌ವೆಲ್ ನೀರು ಇದಕ್ಕೆ ಖಂಡಿತ ಬೇಡ.

ಕೋಲಾರದಿಂದ ಬೆಂಗಳೂರಿಗೆ ತಪಾಸಣೆಗೆ ಹೊರಡುವವರು ಬಸ್ಸು ಹತ್ತುವ ಮುನ್ನ ಮೂತ್ರಕೋಶ ಖಾಲಿ ಮಾಡಿಕೊಳ್ಳಬೇಕು. ದೇಹವು ಕಸಿ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್‌ನ ಬೆಳಗಿನ ಮಾತ್ರೆಯನ್ನು ಪರೀಕ್ಷೆಗೆ ರಕ್ತ ಕೊಟ್ಟ ನಂತರವೇ ನುಂಗಬೇಕು. ಮೂತ್ರದ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ತಾವೇ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರುವುದು ಸರಿಯಲ್ಲ. ಇಂಥ ಕೋಶದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಚಳಿಜ್ವರ, ಕಸಿಯ ಜಾಗದಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಕಸಿ ತಂಡದ ವೈದ್ಯರಿಗೆ ಫೋನ್ ಮಾಡಬೇಕು.