ಬ್ಯಾಂಕಾಕ್ ನೋಡುವುದು ಹೇಗೆ: ಕೈಗೆಟುಕುವ ಖರ್ಚಿನಲ್ಲಿ ನಾಲ್ಕು ದಿನ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ ತಲುಪಬಹುದಾದ ಬ್ಯಾಂಕಾಕ್, ಮೊದಲ ಬಾರಿ ವಿದೇಶಕ್ಕೆ ಹೊರಡುವ ನಮ್ಮ ಅನೇಕ ಕುಟುಂಬಗಳ ಆಯ್ಕೆಯಾಗಿದೆ. ಥಾಯ್ಲೆಂಡಿನ ಈ ರಾಜಧಾನಿ ಅಗ್ಗದ ಊರೆಂಬ ಮಾತು ಬಹುಮಟ್ಟಿಗೆ ನಿಜವಾದರೂ, ಅಲ್ಲಿ ಹೋಗಿಬಂದವರು ಎಣಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು ಎನ್ನುವುದೂ ಅಷ್ಟೇ ನಿಜ. ಹಣ ಸೋರುವುದು ಅರಮನೆಯ, ದೇವಾಲಯಗಳ ಟಿಕೆಟ್‌ಗಳಿಂದಲ್ಲ. ರೈಲು ನಿಲ್ದಾಣದಿಂದ ದೂರದಲ್ಲಿ ಹಿಡಿದ ವಸತಿ, ವಾಹನ ದಟ್ಟಣೆಯಲ್ಲಿ ನಿಂತ ಟ್ಯಾಕ್ಸಿ, ನಡುಹಗಲ ಸೆಕೆಗೆ ಸೋತು ಮಾಲ್ ಹೊಕ್ಕು ಮಾಡಿದ ಖರೀದಿ, ಇವು ಮೂರೂ ಸೇರಿ ಲೆಕ್ಕ ತಪ್ಪಿಸುತ್ತವೆ. ಆದ್ದರಿಂದ ಓಡಾಟದಲ್ಲಿ ಉಳಿಸಿ, ನೋಡಬೇಕಾದ್ದನ್ನು ನೋಡಲು ಧಾರಾಳವಾಗಿ ಖರ್ಚು ಮಾಡುವ ರೀತಿಯಲ್ಲಿ ಪ್ರವಾಸವನ್ನು ಹೆಣೆಯುವುದು ಹೇಗೆಂದು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಂತ 1: ಕಾಲ ಮತ್ತು ಕಾಗದಪತ್ರ

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ, ಆದರೆ ವಿಮಾನ ಮತ್ತು ವಸತಿ ದರಗಳು ಏರಿರುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಜೋರು, ದರ ಕಡಿಮೆ. ಏಪ್ರಿಲ್‌ನ ಬಿಸಿಲು ಮಕ್ಕಳು ಮತ್ತು ಹಿರಿಯರೊಂದಿಗೆ ಹೋಗುವವರಿಗೆ ತಕ್ಕದ್ದಲ್ಲ. ಆ ತಿಂಗಳ 13ರಿಂದ 15ರವರೆಗೆ ನಡೆಯುವ ಸೊಂಕ್ರಾನ್ ಹೊಸ ವರ್ಷದ ನೀರಾಟವನ್ನೇ ನೋಡಬೇಕೆನ್ನುವವರ ಮಾತು ಬೇರೆ.

ಭಾರತೀಯರಿಗೆ 2023ರ ನವೆಂಬರ್‌ನಿಂದ ವೀಸಾ ಇಲ್ಲದೆ ಪ್ರವೇಶ ನೀಡುವ ವ್ಯವಸ್ಥೆ ಆರಂಭವಾಯಿತು. ಇಂಥ ರಿಯಾಯಿತಿಯ ಅವಧಿ ಮತ್ತು ಷರತ್ತುಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಥಾಯ್ ರಾಯಭಾರ ಕಚೇರಿಯ ಜಾಲತಾಣದಲ್ಲಿ ಅಂದಿನ ನಿಯಮವನ್ನು ಓದಿಕೊಳ್ಳಬೇಕು. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವೂ ಕಡ್ಡಾಯವಾಗಿದೆ. ಅಲ್ಲಿ ಇಳಿಯುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಅದನ್ನು ಸರ್ಕಾರದ ಅಧಿಕೃತ ತಾಣದಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣವೇನಾದರೂ ಎದುರಾದರೆ ಅದು ಅಧಿಕೃತವಲ್ಲವೆಂದೇ ತಿಳಿಯಬೇಕು. ಮರಳಿ ಬರುವ ಟಿಕೆಟ್, ವಸತಿ ಕಾಯ್ದಿರಿಸಿದ ದಾಖಲೆ ಮತ್ತು ಖರ್ಚಿಗೆ ಸಾಕಾಗುವಷ್ಟು ಹಣ ಕೈಯಲ್ಲಿರಲಿ, ವಲಸೆ ಅಧಿಕಾರಿಗಳು ಇವನ್ನು ಕೇಳಬಹುದು. ಇ-ಸಿಗರೇಟ್ ಅಲ್ಲಿ ನಿಷಿದ್ಧ.

ಹಂತ 2: ಹಣದ ಲೆಕ್ಕ

ಥಾಯ್ ನಾಣ್ಯವಾದ ಬಾತ್‌ನ ಬೆಲೆ ಈಚಿನ ವರ್ಷಗಳಲ್ಲಿ ಎರಡೂವರೆ ರೂಪಾಯಿಯ ಆಸುಪಾಸಿನಿಂದ ಮೇಲಕ್ಕೆ ಸರಿಯುತ್ತ ಬಂದಿದೆ. ಮನೆಯಲ್ಲಿ ಕುಳಿತು ಅಂದಾಜು ಮಾಡುವಾಗ ಒಂದು ಬಾತ್‌ಗೆ ಮೂರು ರೂಪಾಯಿ ಎಂದು ಹಿಡಿಯುವುದು ಕ್ಷೇಮ, ವಿನಿಮಯದ ಕಡಿತವೂ ಅದರಲ್ಲೇ ಅಡಗುತ್ತದೆ.

ವಸತಿ ಮತ್ತು ವಿಮಾನವನ್ನು ಬಿಟ್ಟು ಒಬ್ಬರಿಗೆ ನಾಲ್ಕು ದಿನದ ಖರ್ಚನ್ನು ಹೀಗೆ ಹಂಚಿಕೊಳ್ಳಬಹುದು. ಅರಮನೆ ಮತ್ತು ದೊಡ್ಡ ದೇವಾಲಯಗಳನ್ನು ನೋಡುವ ದಿನ ಟಿಕೆಟ್‌ಗಳಿಗೇ 1,000 ಬಾತ್ ಆಗುವುದರಿಂದ ಆ ದಿನಕ್ಕೆ 1,500 ಬಾತ್ ಇಡಬೇಕು. ಉಳಿದ ಮೂರು ದಿನಗಳಿಗೆ ತಲಾ 700 ಬಾತ್ ಇಟ್ಟರೆ ಊಟ, ಓಡಾಟ ಮತ್ತು ಸಣ್ಣ ಪ್ರವೇಶ ಶುಲ್ಕಗಳಿಗೆ ಸಾಕು. ಮೊಬೈಲ್ ಸಿಮ್ ಮತ್ತು ವಿಮಾನ ನಿಲ್ದಾಣದ ಓಡಾಟಕ್ಕೆ 400 ಬಾತ್ ಸೇರಿಸಿದರೆ ಒಟ್ಟು 4,000 ಬಾತ್, ಅಂದರೆ ನಮ್ಮ ಲೆಕ್ಕದಲ್ಲಿ 12,000 ರೂಪಾಯಿ. ಎಲ್ಲ ದಿನಕ್ಕೂ ಒಂದೇ ಮೊತ್ತ ಇಟ್ಟುಕೊಂಡವರು ಅರಮನೆಯ ಬಾಗಿಲಲ್ಲಿ ನಿಂತು ಟಿಕೆಟ್ ದುಬಾರಿಯೆಂದು ಹಿಂತಿರುಗುವ ಸಂಭವವಿರುವುದರಿಂದಲೇ ಈ ಅಸಮ ಹಂಚಿಕೆ.

ಸುವರ್ಣಭೂಮಿ ವಿಮಾನ ನಿಲ್ದಾಣದ ತಳಮಹಡಿಯಲ್ಲಿ, ರೈಲು ಹತ್ತುವ ಕಡೆ ಇರುವ ವಿನಿಮಯ ಕೌಂಟರ್‌ಗಳು ಸಾಮಾನ್ಯವಾಗಿ ಮೇಲಿನ ಆಗಮನ ಮಹಡಿಯ ಬ್ಯಾಂಕ್‌ಗಳಿಗಿಂತ ಒಳ್ಳೆಯ ದರ ಕೊಡುತ್ತವೆ. ಎಟಿಎಂನಲ್ಲಿ ವಿದೇಶಿ ಕಾರ್ಡ್ ಬಳಸಿದರೆ ಪ್ರತಿ ಸಲವೂ 200 ಬಾತ್‌ಗಿಂತ ಹೆಚ್ಚಿನ ಶುಲ್ಕ ಬೀಳುತ್ತದೆಯಾದ್ದರಿಂದ ಸ್ವಲ್ಪ ಸ್ವಲ್ಪವೇ ತೆಗೆಯುವುದು ನಷ್ಟದ ದಾರಿ. ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲೋ ಬಾತ್‌ನಲ್ಲೋ ಎಂದು ಯಂತ್ರ ಕೇಳಿದರೆ ಬಾತ್ ಎಂದೇ ಆರಿಸಬೇಕು.

ಹಂತ 3: ವಸತಿ ಎಲ್ಲಿ, ಅಲ್ಲಿಗೆ ಹೋಗುವುದು ಹೇಗೆ

ಕೋಣೆಯ ಬಾಡಿಗೆಗಿಂತ ಅದು ಇರುವ ಜಾಗ ಮುಖ್ಯ. ಮೆಟ್ರೊ ನಿಲ್ದಾಣಕ್ಕೆ ಇಲ್ಲವೇ ನದಿಯ ದೋಣಿಗಟ್ಟೆಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವಂತಿರಬೇಕು. ಸಫಾನ್ ತಕ್ಸಿನ್ ನಿಲ್ದಾಣದ ಸುತ್ತಲಿನ ಪ್ರದೇಶದಲ್ಲಿ ರೈಲೂ ದೋಣಿಯೂ ಒಟ್ಟಿಗೇ ಸಿಗುವುದರಿಂದ ಮೊದಲ ಸಲ ಹೋಗುವವರಿಗೆ ಅದೇ ಉತ್ತಮ ಎಂಬುದು ಈ ಲೇಖಕನ ಅಭಿಪ್ರಾಯ. ಚೀನಿ ಪೇಟೆಯ ಬಳಿಯ ಹುವಾ ಲಂಫೋಂಗ್, ವಾಟ್ ಮಂಗ್ಕೊನ್ ನಿಲ್ದಾಣಗಳ ಆಸುಪಾಸೂ ಅನುಕೂಲಕರ. ಹೆಸರುವಾಸಿಯಾದ ಖಾವೊ ಸಾನ್ ರಸ್ತೆಯಲ್ಲಿ ಬಾಡಿಗೆ ಕಡಿಮೆಯಿದ್ದರೂ ಹತ್ತಿರದಲ್ಲಿ ಮೆಟ್ರೊ ಇಲ್ಲ, ರಾತ್ರಿಯ ಗದ್ದಲವೂ ಹೆಚ್ಚು.

ಸುವರ್ಣಭೂಮಿಯಿಂದ ನಗರದ ಫಯಾ ಥಾಯ್ ನಿಲ್ದಾಣಕ್ಕೆ ರೈಲಿನಲ್ಲಿ ಗರಿಷ್ಠ 45 ಬಾತ್, ಅರ್ಧ ಗಂಟೆಯ ದಾರಿ. ಅಗ್ಗದ ವಿಮಾನಗಳು ಹಲವು ಇಳಿಯುವ ಡಾನ್ ಮುವಾಂಗ್‌ನಿಂದಲೂ 2021ರಲ್ಲಿ ಆರಂಭವಾದ ಕೆಂಪು ಮಾರ್ಗದ ರೈಲು ಮೆಟ್ರೊಗೆ ಜೋಡಿಸುತ್ತದೆ. ನಾಲ್ಕು ಜನರ ಕುಟುಂಬವು ಸಾಮಾನಿನೊಂದಿಗೆ ತಡರಾತ್ರಿ ಇಳಿದರೆ ಟ್ಯಾಕ್ಸಿಯೇ ಸರಿ. ಮೀಟರ್ ಮೊತ್ತದ ಮೇಲೆ ವಿಮಾನ ನಿಲ್ದಾಣದ 50 ಬಾತ್ ಮತ್ತು ಟೋಲ್ ಸೇರುತ್ತದೆಂದು ಮೊದಲೇ ತಿಳಿದಿದ್ದರೆ ಚಾಲಕರೊಂದಿಗೆ ವಾದವಾಗುವುದಿಲ್ಲ.

ಹಂತ 4: ನದಿಯನ್ನೇ ರಸ್ತೆಯಾಗಿಸಿಕೊಳ್ಳುವುದು

ಹಳೆಯ ಬ್ಯಾಂಕಾಕ್‌ನ ಮುಖ್ಯ ತಾಣಗಳೆಲ್ಲ ಚಾವೊ ಫ್ರಯಾ ನದಿಯ ದಂಡೆಯಲ್ಲೇ ಇವೆ. ಸಫಾನ್ ತಕ್ಸಿನ್‌ನ ಕೆಳಗಿನ ಸಾತೋರ್ನ್ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದರೆ ಎಷ್ಟು ದೂರಕ್ಕಾದರೂ ಒಂದೇ ದರ, 16 ಬಾತ್. ಅದೇ ಕಟ್ಟೆಯಲ್ಲಿ ಪ್ರವಾಸಿ ದೋಣಿಯ ಟಿಕೆಟ್ ಮಾರುವವರು ಮೊದಲು ಎದುರಾಗುತ್ತಾರೆ, ಅದರ ದರ ಹಲವು ಪಟ್ಟು. ದಿನದಲ್ಲಿ ಎರಡು ಸಲ ಹತ್ತಿ ಇಳಿಯುವವರಿಗೆ ಸ್ಥಳೀಯರು ಬಳಸುವ ಕಿತ್ತಳೆ ಬಾವುಟದ ದೋಣಿ ಧಾರಾಳವಾಗಿ ಸಾಕು. ಭಿಕ್ಷುಗಳಿಗೆ ಮೀಸಲಾದ ಜಾಗದಲ್ಲಿ ಕೂರಬಾರದು.

1999ರಲ್ಲಿ ಆರಂಭವಾದ ಎತ್ತರದ ಬಿಟಿಎಸ್ ರೈಲು ಮತ್ತು 2004ರ ಎಂಆರ್‌ಟಿ ಮೆಟ್ರೊ ಬೇರೆ ಬೇರೆ ಸಂಸ್ಥೆಗಳವಾದ್ದರಿಂದ ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಟುಕ್‌ಟುಕ್‌ನಲ್ಲಿ ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು.

ಹಂತ 5: ಅರಮನೆಯ ದಿನ

ಬ್ಯಾಂಕಾಕ್‌ನಲ್ಲಿ ಒಂದೇ ಒಂದು ದಿನ ಇರುವುದಾದರೂ ಆ ದಿನವನ್ನು ಇದಕ್ಕೇ ಕೊಡಬೇಕು. ಒಂದನೆಯ ರಾಮ ಎಂದು ಹೆಸರಾದ ದೊರೆ 1782ರಲ್ಲಿ ರಾಜಧಾನಿಯನ್ನು ನದಿಯ ಪೂರ್ವ ದಂಡೆಗೆ ತಂದಾಗ ಆರಂಭವಾದ ಅರಮನೆಯಿದು. ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ 3.30ಕ್ಕೆ ಟಿಕೆಟ್ ಮಾರಾಟ ನಿಲ್ಲುತ್ತದೆ. ಟಿಕೆಟ್ 500 ಬಾತ್. ತಾ ಚಾಂಗ್ ಕಟ್ಟೆಯಲ್ಲಿ ಇಳಿದೋ, ಸನಾಮ್ ಚಾಯ್ ಮೆಟ್ರೊ ನಿಲ್ದಾಣದಿಂದ ನಡೆದೋ ಬಾಗಿಲು ತೆರೆಯುವ ಹೊತ್ತಿಗೇ ತಲುಪಬೇಕು, ಏಕೆಂದರೆ ಹತ್ತು ಗಂಟೆಯ ನಂತರ ಬಿಸಿಲೂ ಜನಸಂದಣಿಯೂ ಒಟ್ಟಿಗೇ ಏರುತ್ತವೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಸೀರೆ, ಚೂಡಿದಾರ, ಪೂರ್ಣ ತೋಳಿನ ಅಂಗಿ, ಪ್ಯಾಂಟ್‌ಗಳಿಗೆ ಯಾವ ತಕರಾರೂ ಇಲ್ಲ.

ದಾರಿಯಲ್ಲಿ ಸಭ್ಯವಾಗಿ ಮಾತಾಡಿಸಿ, ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇವೆ ಎನ್ನುವವರು ಸಿಗಬಹುದು. ಅವರ ಟುಕ್‌ಟುಕ್ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಬಾಗಿಲವರೆಗೂ ಹೋಗಿ ಕಣ್ಣಾರೆ ನೋಡದೆ ಯಾರ ಮಾತನ್ನೂ ನಂಬಬಾರದು. ಪ್ರವಾಸಿ ಪೊಲೀಸರ ಸಂಖ್ಯೆ 1155.

ಅರಮನೆಯ ಆವರಣದಲ್ಲೇ ಇರುವ ಪಚ್ಚೆ ಬುದ್ಧನ ದೇವಾಲಯದಲ್ಲಿ ಹೆಚ್ಚಿನವರು ಸುಮಾರು 66 ಸೆಂಟಿಮೀಟರ್ ಎತ್ತರದ ಆ ಹಸಿರು ಮೂರ್ತಿಗೆ ನಮಿಸಿ ಹೊರಟುಬಿಡುತ್ತಾರೆ. ಕನ್ನಡಿಗರು ಹಾಗೆ ಮಾಡಬಾರದು. ದೇವಾಲಯವನ್ನು ಸುತ್ತುವರಿದ ಪ್ರಾಕಾರದ ಗೋಡೆಯುದ್ದಕ್ಕೂ ಥಾಯ್ ರಾಮಾಯಣವಾದ ರಾಮಕಿಯೆನ್‌ನ ಕಥೆ 178 ಚಿತ್ರಗಳಲ್ಲಿ ಹರಡಿಕೊಂಡಿದೆ. ಉತ್ತರದ ಕಡೆಯಿಂದ, ಜನಕನಿಗೆ ಸೀತೆ ಸಿಗುವ ದೃಶ್ಯದಿಂದ ಆರಂಭಿಸಿ ಪ್ರದಕ್ಷಿಣೆಯಾಗಿ ನಡೆದರೆ ಕಥೆ ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಹನುಮಂತ ಇಲ್ಲಿ ಬಿಳಿಯ ಮೈಯವನು. ರಾಮನನ್ನು ಕಾಯಲು ಬೆಟ್ಟದಂತೆ ಬೆಳೆದು ತನ್ನ ಬಾಯೊಳಗೇ ಅವನ ಬಿಡಾರವನ್ನು ಇರಿಸಿಕೊಳ್ಳುತ್ತಾನೆ. ಇಲ್ಲಿ ಸೀತೆ ಹುಟ್ಟಿನಿಂದ ರಾವಣನ ಮಗಳು, ನಮ್ಮ ಜನಪದ ರಾಮಾಯಣದಲ್ಲೂ ಬರುವ ಎಳೆಯಿದು. ಗೈಡ್‌ನ ನೆರವಿಲ್ಲದೆಯೇ ಮಕ್ಕಳಿಗೆ ಕಥೆ ಹೇಳುತ್ತ ಸುತ್ತಬಹುದಾದ ಇಂಥ ಚಿತ್ರಶಾಲೆ ನಮ್ಮವರಿಗೆ ಹೊರದೇಶದಲ್ಲಿ ಸಿಗುವುದು ಅಪರೂಪ. 500 ಬಾತ್‌ನ ಬೆಲೆ ಅಲ್ಲಿಯೇ ಸಂದುಹೋಗುತ್ತದೆ. ಗೋಡೆಯ ಚಿತ್ರಗಳ ಫೋಟೊ ತೆಗೆಯಬಹುದು, ಬುದ್ಧನ ಮುಖ್ಯ ಮಂದಿರದ ಒಳಗೆ ತೆಗೆಯುವಂತಿಲ್ಲ. ಒಳಗೆ ಕೂರುವಾಗ ಪಾದಗಳು ಮೂರ್ತಿಯ ಕಡೆ ಚಾಚದಂತೆ ಹಿಂದಕ್ಕೆ ಮಡಚಿಕೊಳ್ಳಬೇಕು.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ವಾಟ್ ಫೋ, ಟಿಕೆಟ್ 300 ಬಾತ್. 46 ಮೀಟರ್ ಉದ್ದದ ಮಲಗಿದ ಬುದ್ಧನ ಪಾದಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳನ್ನು ನಿಧಾನವಾಗಿ ನೋಡಬೇಕು. ಪಕ್ಕದ ತಾ ತಿಯೆನ್ ಕಟ್ಟೆಯಿಂದ ಕೇವಲ 5 ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್, ಟಿಕೆಟ್ 200 ಬಾತ್. ಅದರ ಗೋಪುರಕ್ಕೆ ಹೊದಿಸಿದ ಚೀನಿ ಪಿಂಗಾಣಿಯ ಹೂಗಳನ್ನು ಹತ್ತಿರದಿಂದ ನೋಡಲು ಈ ಖರ್ಚು ಸಲ್ಲುತ್ತದೆ. ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿನವರು ಈಚೆ ದಡದಿಂದಲೇ ಸೂರ್ಯಾಸ್ತದ ಹೊತ್ತಿಗೆ ಗೋಪುರವನ್ನು ಖರ್ಚಿಲ್ಲದೆ ಕಾಣಬಹುದು.

ಹಂತ 6: ಉಳಿದ ಮೂರು ದಿನ

ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ನಾಲ್ಕರಿಂದ ರಾತ್ರಿ ಎಂಟು, ಹೀಗೆ ದಿನವನ್ನು ಎರಡಾಗಿ ಒಡೆದು ನಡುಹಗಲನ್ನು ಕೋಣೆಯಲ್ಲೋ ವಸ್ತುಸಂಗ್ರಹಾಲಯದಲ್ಲೋ ಕಳೆಯುವುದು ಉತ್ತಮ. ಸೋಮವಾರ ಮತ್ತು ಮಂಗಳವಾರ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ರಜೆ. ಚಾತುಚಾಕ್ ಸಂತೆ ತುಂಬಿರುವುದು ಶನಿವಾರ, ಭಾನುವಾರ.

ಚೀನಿ ಪೇಟೆಯ ಅಂಚಿನ ವಾಟ್ ತ್ರೈಮಿತ್‌ನಲ್ಲಿರುವ ಐದೂವರೆ ಟನ್ ತೂಕದ ಚಿನ್ನದ ಬುದ್ಧ ದೀರ್ಘಕಾಲ ಗಾರೆಯ ಹೊದಿಕೆಯೊಳಗೆ ಅಡಗಿದ್ದು, 1955ರಲ್ಲಿ ಮೂರ್ತಿಯನ್ನು ಸ್ಥಳಾಂತರಿಸುವಾಗ ಬೆಳಕಿಗೆ ಬಂತು. ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆ, ಉಡ ಓಡಾಡುವ ಲುಂಫಿನಿ ಉದ್ಯಾನ, 1956ರಲ್ಲಿ ಸ್ಥಾಪಿತವಾದ ಎರಾವಾನ್‌ನ ಚತುರ್ಮುಖ ಬ್ರಹ್ಮನ ಗುಡಿ, ಸಿಲೋಮ್‌ನಲ್ಲಿ ತಮಿಳು ವಲಸಿಗರು ಕಟ್ಟಿದ ಮಾರಿಯಮ್ಮನ ದೇವಸ್ಥಾನ, ಇವು ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ ನಿಲ್ದಾಣಗಳಲ್ಲಿ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಎಲ್ಲರಂತೆ ನಿಂತು ಗೌರವ ಸಲ್ಲಿಸಬೇಕು. ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡುವುದು ಅಲ್ಲಿ ಗಂಭೀರ ಅಪರಾಧ.

ಹಂತ 7: ಸಸ್ಯಾಹಾರಿಗಳ ಊಟ

ತರಕಾರಿ ಪದಾರ್ಥವೆಂದು ಕೊಟ್ಟದ್ದರಲ್ಲೂ ಮೀನಿನ ಸಾರವಾದ ನಾಮ್ ಪ್ಲಾ ಇರುತ್ತದೆ, ಪಪ್ಪಾಯಿ ಕೋಸಂಬರಿಯಲ್ಲಿ ಒಣ ಸಿಗಡಿ ಇರುತ್ತದೆ. ಮಾಂಸ ಬೇಡವೆಂದರೆ ಸಾಲದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ‘ಜೇ’ ಅಂಗಡಿಗಳನ್ನು ಹುಡುಕಬೇಕು. ಚೀನಿ ಬೌದ್ಧ ಪದ್ಧತಿಯ ಈ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಹೀಗಾಗಿ ಮಡಿಯ ಮನೆಗಳ ಹಿರಿಯರಿಗೂ ಇದು ಒಗ್ಗುತ್ತದೆ. ‘ಕಿನ್ ಜೇ’ ಎಂದು ಹೇಳಿದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಮಾಲ್‌ಗಳ ಫುಡ್ ಕೋರ್ಟ್‌ಗಳಲ್ಲೂ ಹೆಚ್ಚಾಗಿ ಒಂದು ಜೇ ಮಳಿಗೆಯಿದ್ದು, 100 ಬಾತ್‌ನೊಳಗೆ ಹೊಟ್ಟೆ ತುಂಬುತ್ತದೆ. ಭಾರತೀಯ ಹೋಟೆಲುಗಳು ಫಹುರಾತ್ ಮತ್ತು ಸಿಲೋಮ್‌ನಲ್ಲಿವೆ. ಮೂರು ಹೊತ್ತೂ ಅಲ್ಲೇ ಉಂಡರೆ ಮೇಲಿನ ಲೆಕ್ಕ ಹಿಡಿತಕ್ಕೆ ಸಿಗದು, ದಿನಕ್ಕೊಂದು ಊಟ ಅಲ್ಲಿಟ್ಟುಕೊಂಡರೆ ಸಾಕು. ಬೀದಿಯ ಗಾಡಿಗಳಲ್ಲಿ ಹೆಚ್ಚಿ ಕೊಡುವ ಅನಾನಸು, ಸೀಬೆ, ಮಾವು ಅಗ್ಗವೂ ರುಚಿಕರವೂ ಆಗಿವೆ.

ಹಂತ 8: ಹೊರಡುವ ಮುನ್ನ

ಬುದ್ಧನ ಮೂರ್ತಿಗಳನ್ನು ದೇಶದಿಂದ ಹೊರಗೆ ಒಯ್ಯಲು ಥಾಯ್ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಅಂಗಡಿಯವರು ಏನೇ ಹೇಳಿದರೂ ನೆನಪಿಗೆಂದು ಮೂರ್ತಿ ಕೊಳ್ಳುವುದಕ್ಕಿಂತ ರೇಷ್ಮೆ ಬಟ್ಟೆ, ಒಣಗಿಸಿದ ಹಣ್ಣು ತರುವುದು ಲೇಸು. ಉಳಿದ ಬಾತ್ ನೋಟುಗಳನ್ನು ಊರಿಗೆ ಬಂದ ಮೇಲೂ ಬದಲಾಯಿಸಬಹುದು, ಆದರೆ ನಾಣ್ಯಗಳನ್ನು ವಿನಿಮಯದವರು ಕೊಳ್ಳುವುದಿಲ್ಲ. ಫಯಾ ಥಾಯ್‌ನಲ್ಲಿ ವಿಮಾನ ನಿಲ್ದಾಣದ ರೈಲಿಗೆ ಟಿಕೆಟ್ ಕೊಡುವ ಯಂತ್ರ ನಾಣ್ಯಗಳನ್ನು ಸ್ವೀಕರಿಸುವುದರಿಂದ, ಅವನ್ನೆಲ್ಲ ಕೊನೆಯ ಆ ಪ್ರಯಾಣಕ್ಕೆ ಎತ್ತಿಟ್ಟುಕೊಳ್ಳಬೇಕು.